ಹಸಿ ಹುಲ್ಲು ಬಿಟ್ಟು ಕೊಯ್ಯುವ ಮಷಿನ್

ಹುಲ್ಲು ಕೊಯ್ಯುವ ಮಷಿನ್ ಆರಿಸಿ ತರುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ನಾನು ಓದಿದವನು ಎಂಬ ಒಂದೇ ಕಾರಣಕ್ಕೆ. ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನಿಗೂ ಪೆಟ್ರೋಲ್ ಇಂಜಿನ್ನಿಗೂ ಏನು ಸಂಬಂಧ ಎಂದರೆ ನಮ್ಮ ಜಮಾತಿನ ಹಿರಿಯರಿಗೆ ಅದು ಪ್ರಶ್ನೆಯೇ ಅಲ್ಲ. ಸಂಧಿ ಸಮಾಸ ಬಿಡಿಸಬಲ್ಲವನು ಇಂಜಿನ್ ಬಿಡಿಸಲಾರನೇ ಎಂಬ ಲೆಕ್ಕ ಅವರದು. ಆಗುವುದಿಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಮುತವಲ್ಲಿ ಸಾಹೇಬರು, ಅಂದರೆ ನಮ್ಮ ಕಬ್ರಸ್ತಾನದ ಉಸ್ತುವಾರಿ ಹೊತ್ತ ಹಿರಿಯರು, ಎದ್ದು ಚಪ್ಪಲಿ ಹುಡುಕುತ್ತಿದ್ದರು.

ಶಬ್-ಎ-ಬರಾತ್ ಹತ್ತಿರ ಬಂದಿತ್ತು. ಆ ರಾತ್ರಿ ಗಂಡಸರೆಲ್ಲ ತಮ್ಮ ತಮ್ಮವರ ಗೋರಿಗಳ ಬಳಿ ಹೋಗಿ ದುವಾ ಮಾಡುತ್ತಾರೆ. ಅಷ್ಟರೊಳಗೆ ಕಬ್ರಸ್ತಾನದ ಹುಲ್ಲು ತೆಗೆಯಬೇಕು. ಮೊದಲೆಲ್ಲ ಕೊಹಿನೂರ ಹಳ್ಳಿಯ ಕಡೆಯಿಂದ ಕೂಲಿಯವರು ಕುಡುಗೋಲು ಹಿಡಿದು ಬರುತ್ತಿದ್ದರು. ಈಗ ಸುಗ್ಗಿ ಬಿಟ್ಟು ಯಾರೂ ಬರುವುದಿಲ್ಲ. ಹಿಂದಿನ ವರ್ಷ ಊದುಬತ್ತಿಯ ಕಿಡಿ ಹಾರಿ ಒಂದು ಮೂಲೆಯ ಒಣಹುಲ್ಲು ಹೊತ್ತಿ ಉರಿದಿತ್ತು. ಹಾಗಾಗಿ ಈ ಸಲ ಮಷಿನ್ ತರುವುದು, ಹುಲ್ಲು ತೆಗೆದ ಮೇಲೆ ಗುರುತಿಲ್ಲದ ಜಾಗವನ್ನೆಲ್ಲ ಮಟ್ಟ ಮಾಡಿ ಹೊಸ ಗೋರಿಗಳ ಸಾಲು ಹಾಕುವುದು ಎಂದು ಕಮಿಟಿಯಲ್ಲಿ ತೀರ್ಮಾನವಾಯಿತು. ಕಲ್ಲಿಲ್ಲದ ಗೋರಿ ಯಾರದಾದರೂ ಇದ್ದರೆ ಮೊದಲೇ ಗುರುತು ಮಾಡಿಕೊಳ್ಳಬೇಕು.

ಇದನ್ನು ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ. ಅಮ್ಮಿಯ ಕೈ ತಟ್ಟೆಯಲ್ಲೇ ನಿಂತಿತು. ಅಮ್ಮಿ ಕೊಡಂಬಲದವಳು, ಸುತ್ತಲೂ ಕನ್ನಡದ ಮನೆಗಳಿದ್ದ ಓಣಿಯಲ್ಲಿ ಬೆಳೆದವಳಾದ್ದರಿಂದ ಬೇರೆಯವರ ಜೊತೆ ದಖನಿ ಉರ್ದು ಆಡಿದರೂ ನನ್ನ ಜೊತೆ ಕನ್ನಡವೇ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಬೇಡ ಎಂದು ಹಠ.

“ಮಟ್ಟ ಮಾಡಿದ್ರ ಆಕಿ ಮ್ಯಾಲ ಯಾರನ್ನೋ ಮಲಗಸ್ತಾರ,” ಎಂದಳು.

ಆಕಿ ಎಂದರೆ ನನ್ನ ಅಕ್ಕ. ನಾನು ಹುಟ್ಟುವ ಮೊದಲೇ ಹುಟ್ಟಿ, ಹೆಸರಿಡುವ ಅಕೀಕಾ ಆಗುವ ಮೊದಲೇ ಹೋದವಳು. ಅಕೀಕಾ ಆಗದಿದ್ದ ಮೇಲೆ ಹೆಸರಿಲ್ಲ, ಹೆಸರಿಲ್ಲದ ಮೇಲೆ ಕಲ್ಲಿಲ್ಲ. ಅಬ್ಬಾ ಆ ಕೂಸನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹೋಗಿ ಮಣ್ಣು ಮಾಡಿ ಬಂದು, ಬೇವಿನ ಗಿಡದ ಕೆಳಗೆ ಎಂದಷ್ಟೇ ಹೇಳಿದ್ದರಂತೆ. ನಮ್ಮಲ್ಲಿ ಹೆಂಗಸರು ಕಬ್ರಸ್ತಾನಕ್ಕೆ ಹೋಗುವುದಿಲ್ಲ. ಅಮ್ಮಿ ಆ ಜಾಗವನ್ನು ಕಂಡವಳೇ ಅಲ್ಲ. ಅಬ್ಬಾ ತೀರಿಕೊಂಡು ಬಹಳ ಕಾಲವಾಯಿತು, ಅವರ ಗೋರಿಯ ಸುತ್ತ ಒಂದು ಗೇಣು ಜಾಗವೂ ಉಳಿದಿಲ್ಲ. ಬೇವಿನ ಗಿಡಗಳು ಈಗ ಒಂದಲ್ಲ, ಗೋಡೆಯುದ್ದಕ್ಕೂ ಎದ್ದಿವೆ.

“ನಾ ಸತ್ರ ನನಗ ಆಕಿ ಬಾಜೂಕ ಹಾಕ್ರಿ. ಮತ್ತೇನೂ ಬ್ಯಾಡ ನನಗ.”

“ಆಕಿ ಜಾಗಾನೇ ಗೊತ್ತಿಲ್ಲಲ್ಲ ಅಮ್ಮಿ.”

“ಹುಲ್ಲು ತೆಗಿ. ಕಾಣ್ತಾಳ.”

ಕಾಣ್ತದ ಎನ್ನಲಿಲ್ಲ, ಕಾಣ್ತಾಳ ಎಂದಳು. ವ್ಯಾಕರಣ ಕಲಿಸುವವನ ಕಿವಿಗೆ ಆ ಸ್ತ್ರೀಲಿಂಗ ಮುಳ್ಳಿನಂತೆ ಚುಚ್ಚಿತು. ನೀರು ಕುಡಿದು ಏಳುವಾಗ ಇನ್ನೊಂದು ಕರಾರು ಹಾಕಿದಳು.

“ಹಸಿದು ಕೊಯ್ಯಬ್ಯಾಡ ಮತ್ತ. ಹಸಿ ಹುಲ್ಲು ಜಿಕ್ರ್ ಮಾಡತದ. ಒಣಗಿದ್ದಷ್ಟೇ ತೆಗಿ.”

ಗೋರಿಯ ಮೇಲಿನ ಹಸಿರು ಬಾಡುವವರೆಗೂ ದೇವರ ನೆನಪು ಮಾಡುತ್ತಿರುತ್ತದೆ, ಅದರಿಂದ ಕೆಳಗಿರುವವರಿಗೆ ನೆಮ್ಮದಿ ಎಂಬುದು ನಮ್ಮವರ ನಂಬಿಕೆ. ಕುಡುಗೋಲಿನ ಕೂಲಿಯವರು ಇದನ್ನು ಬಲ್ಲವರಾಗಿದ್ದರು. ಒಣಗಿದ್ದನ್ನು ಮೇಲಿಂದ ಸವರಿ ಬುಡದ ಹಸಿ ಕರಕಿ ಹುಲ್ಲನ್ನು ಬಿಡುತ್ತಿದ್ದರು. ಮುತವಲ್ಲಿ ಸಾಹೇಬರೂ ಅದನ್ನೇ ಹೇಳಿ ಕಳಿಸಿದ್ದರು. ಹಸಿ ಯಾವುದು, ಒಣ ಯಾವುದು ಎಂದು ತಿಳಿಯುವ ಮಷಿನ್ ತರುವುದು ನನ್ನ ಪಾಲಿಗೆ ಬಂತು. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಮೊಬೈಲಿನಲ್ಲಿ ವಿಡಿಯೊ ನೋಡಿದೆ. ದೂರದ ಯಾವುದೋ ದೇಶದ ದಢೂತಿ ಮನುಷ್ಯನೊಬ್ಬ ತನ್ನ ಮನೆಯ ಮುಂದಿನ ಹುಲ್ಲುಹಾಸಿನ ಅಂಚು ಸವರುತ್ತ ಗ್ಯಾಸ್, ಗ್ಯಾಸ್ ಎಂದು ಹೊಗಳುತ್ತಿದ್ದ. ಆ ಗ್ಯಾಸನ್ನೇ ನಂಬಿಕೊಂಡು ಹುಮನಾಬಾದಿನ ಬಸ್ ಹತ್ತಿದೆ. ಅಲ್ಲಿ ಹೆದ್ದಾರಿಯ ಪಕ್ಕ ಕೃಷಿ ಯಂತ್ರಗಳ ಅಂಗಡಿಯೊಂದಿದೆ.

“ಹುಲ್ಲು ಕೊಯ್ಯೋ ಗ್ಯಾಸ್ ಮಷಿನ್ ಬೇಕಾಗಿತ್ರಿ,” ಎಂದೆ.

ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಗ್ಯಾಸ್ ಅಂದ್ರ ಸಿಲಿಂಡರ್ ಬೆನ್ನಿಗೆ ಕಟ್ಟಿಕೋತೀರೇನ್ರಿ ಸರ್? ಒಲಿ ಅಂಗಡಿ ಆ ಬಾಜೂಕ ಅದರಿ.”

ಆ ದೇಶದವರು ಪೆಟ್ರೋಲಿಗೇ ಗ್ಯಾಸ್ ಎನ್ನುತ್ತಾರೆಂದು ಆಮೇಲೆ ಹೊಳೆಯಿತು. ಹಸಿದು ಬಿಟ್ಟು ಒಣಗಿದ್ದನ್ನಷ್ಟೇ ಕೊಯ್ಯುವಂಥದ್ದು ಬೇಕು ಎಂದಾಗಲಂತೂ ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿದರು, ಬಿಸಿಲಿಗೆ ತಲೆ ತಿರುಗಿರಬೇಕು ಎಂದುಕೊಂಡು.

ಆದರೂ ವ್ಯಾಪಾರಿ. ಹಿಂದಿನ ಖಾಲಿ ಜಾಗಕ್ಕೆ ಕರೆದುಕೊಂಡು ಹೋಗಿ ಎಲ್ಲವನ್ನೂ ಚಾಲೂ ಮಾಡಿ ತೋರಿಸಿದರು. ಬೆನ್ನಿಗೆ ಹೊರುವುದು ಒಂದು, ಭುಜಕ್ಕೆ ಪಟ್ಟಿ ಹಾಕಿ ತೂಗುಬಿಡುವುದು ಒಂದು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕಾದ ಟೂ ಸ್ಟ್ರೋಕ್ ಹಗುರ, ಆದರೆ ಅದರ ಕಿರುಚಾಟಕ್ಕೆ ಹೆದ್ದಾರಿಯ ಲಾರಿಗಳೇ ಸುಮ್ಮನಾಗಬೇಕು. ಫೋರ್ ಸ್ಟ್ರೋಕ್ ಸ್ವಲ್ಪ ಭಾರ, ಆಯಿಲ್ ಬೆರೆಸುವ ರಗಳೆ ಇಲ್ಲ, ದನಿಯೂ ಗಂಭೀರ. ತುದಿಗೆ ಹಲ್ಲಿನ ಬ್ಲೇಡ್ ಹಾಕಬಹುದು, ಇಲ್ಲವೇ ನೈಲಾನ್ ತಂತಿ. ಅವರ ಒಲವು ಬ್ಲೇಡಿನ ಕಡೆ. ಅದನ್ನು ಹಾಕಿ ತಿರುಗಿಸಿದಾಗ ಹುಲ್ಲಿನಲ್ಲಿ ಅಡಗಿದ್ದ ಕಲ್ಲಿಗೆ ತಾಗಿ ಕಿಡಿ ಹಾರಿತು, ಕಲ್ಲಿನ ಚೂರೊಂದು ನನ್ನ ಕಿವಿಯ ಪಕ್ಕ ಹೋಯಿತು.

“ಎಲ್ಲಿಗೆ ಬೇಕ್ರಿ ಸರ್ ಇದು? ಹೊಲಕ್ಕ?”

“ಕಬ್ರಸ್ತಾನಕ್ಕೆ.”

ಅವರು ಇಂಜಿನ್ ಆರಿಸಿದರು. ಬ್ಲೇಡ್ ಬಿಚ್ಚಿ ಪಕ್ಕಕ್ಕಿಟ್ಟರು.

“ನಮ್ಮ ಹೊಲದಾಗೂ ಮುತ್ಯಾ ಅದಾನ್ರಿ,” ಎಂದರು. ಮುತ್ಯಾ ಎಂದರೆ ಅಜ್ಜ; ಅವರ ಜನ ಸತ್ತವರನ್ನು ಸ್ವಂತ ಹೊಲದಲ್ಲೇ ಕೂರಿಸಿ ಮಣ್ಣು ಮಾಡುವವರು. “ಆ ಮೂಲ್ಯಾಗ ಬ್ಲೇಡ್ ಹಾಕಂಗಿಲ್ಲ. ಒಮ್ಮಿ ಹಾಕಿದ್ವಿ.”

“ಏನಾಯ್ತ್ರಿ?”

“ಚಾ ತರಸ್ತೀನಿ, ಕುಡೀರಿ.”

ಚಹಾ ಕುಡಿದು ಫೋರ್ ಸ್ಟ್ರೋಕಿನದು, ಭುಜಕ್ಕೆ ಹಾಕುವಂಥದು, ನೈಲಾನ್ ತಂತಿಯದು ಎಂದು ಗಟ್ಟಿ ಮಾಡಿದೆ. ತಂತಿ ಕಲ್ಲಿಗೆ ತಾಗಿದರೆ ತಾನೇ ಸವೆಯುತ್ತದೆ, ಕಲ್ಲಿಗೆ ಏನೂ ಆಗುವುದಿಲ್ಲ. ಸವೆದು ಗಿಡ್ಡವಾದಾಗ ತಿರುಗುತ್ತಿರುವ ತಲೆಯನ್ನು ನೆಲಕ್ಕೆ ಮೆಲ್ಲಗೆ ತಟ್ಟಬೇಕು, ಒಳಗಿಂದ ಹೊಸ ತಂತಿ ಬರುತ್ತದೆ. ಅದನ್ನು ಅವರು ತಟ್ಟಿ ತೋರಿಸಿದಾಗ ಇದೇನು ಬಾಗಿಲು ತಟ್ಟಿದ ಹಾಗಿದೆಯಲ್ಲ ಎಂದು ನಗೆ ಬಂದಿತ್ತು. ಕಿವಿ ಮುಚ್ಚಿಕೊಳ್ಳಲು ಎರಡು ದಪ್ಪ ಬಟ್ಟಲುಗಳಿರುವ ಸಾಧನವನ್ನೂ ಕೊಟ್ಟರು.

ರಜೆಯ ದಿನ ಮಧ್ಯಾಹ್ನದ ನಮಾಜ್ ಮುಗಿಸಿ ಕಬ್ರಸ್ತಾನಕ್ಕೆ ಹೋದೆ. ಮುತವಲ್ಲಿ ಸಾಹೇಬರು ಗೇಟು ತೆಗೆದು, ಮಷಿನ್ನಿಗೂ ನನಗೂ ಒಂದೊಂದು ದುವಾ ಓದಿ, ಊಟಕ್ಕೆಂದು ಹೊರಟುಹೋದರು. ಒಳಗೆ ಕಾಲಿಡುವಾಗ ಗೋರಿಯೊಳಗಿನವರಿಗೆ ಸಲಾಂ ಹೇಳುವುದು ರೂಢಿ. ಹೇಳಿದೆ. ಸೊಂಟದೆತ್ತರದ ಹಳದಿ ಹುಲ್ಲು, ನಡುನೆತ್ತಿಯ ಬಿಸಿಲು, ಒಂದು ಹಕ್ಕಿಯ ಸದ್ದೂ ಇಲ್ಲ. ಸಲಾಮಿಗೆ ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದರೂ ನಾನು ಸ್ವಲ್ಪ ಹೊತ್ತು ಕಾದೆ. ಯಾಕೆ ಕಾದೆ ಎಂದು ಈಗಲೂ ಗೊತ್ತಿಲ್ಲ.

ಮಷಿನ್ನಿನ ತಲೆಯನ್ನು ನೆಲದಿಂದ ಒಂದು ಗೇಣು ಮೇಲೆ ಹಿಡಿದರೆ ಒಣಗಿದ್ದು ಬೀಳುತ್ತದೆ, ಬುಡದ ಕರಕಿ ಉಳಿಯುತ್ತದೆ. ಮಷಿನ್ನಿಗೆ ತಿಳಿಯದ್ದನ್ನು ತೋಳಿಗೆ ಕಲಿಸಿದೆ. ಹುಲ್ಲು ಬೀಳುತ್ತ ಹೋದಂತೆ ಕಲ್ಲುಗಳು ಒಂದೊಂದಾಗಿ ಹೊರಗೆ ಬಂದವು. ಒಂದರ ಮೇಲೆ ನನ್ನ ಜೊತೆ ಓದಿದವನ ಹೆಸರಿತ್ತು. ತಂತಿ ಸವೆದಾಗಲೆಲ್ಲ ನೆಲ ತಟ್ಟಬೇಕಾಗಿ ಬರುತ್ತಿತ್ತು. ಅಂಗಡಿಯ ಹಿಂದೆ ಬಂದಿದ್ದ ನಗೆ ಇಲ್ಲಿ ಬರಲಿಲ್ಲ. ತಟ್ಟುವ ಮೊದಲು ಅಡಿಯಲ್ಲಿ ಗೋರಿ ಇಲ್ಲವಷ್ಟೇ ಎಂದು ಕಾಲಿನಿಂದ ತಡವಿ ನೋಡುತ್ತಿದ್ದೆ. ಕಾಲಿಗೆ ಏನು ಗೊತ್ತಾಗುತ್ತದೆ?

ಹಿಂಗೋಡೆಯ ಬೇವಿನ ಸಾಲಿಗೆ ಬಂದಾಗ ಮೈ ಬೆವೆತು ಅಂಗಿ ಅಂಟಿಕೊಂಡಿತ್ತು. ಗಾಳಿ ಇರಲಿಲ್ಲ, ಎಲೆ ಅಲುಗುತ್ತಿರಲಿಲ್ಲ. ಆದರೂ ಎರಡು ಗಿಡಗಳ ನಡುವೆ ಹುಲ್ಲು ಮಾತ್ರ ಸ್ವಲ್ಪ ಸ್ವಲ್ಪ ಆಡುತ್ತಿತ್ತು, ಮೊಣಕಾಲಿನ ಎತ್ತರದಲ್ಲಿ, ಅದರೊಳಗೆ ಸಣ್ಣದೇನೋ ಓಡಾಡುವ ಹಾಗೆ. ಹಾವು ಎಂದುಕೊಂಡೆ. ಹಾವಾದರೆ ಒಳ್ಳೆಯದು ಎಂದೂ ಅನ್ನಿಸಿತು. ಅಲ್ಲಿಗೆ ಹೋದಾಗ ತಂತಿ ಮುಗಿಯಿತು. ನೆಲಕ್ಕೆ ತಟ್ಟಿದೆ, ಬರಲಿಲ್ಲ. ಮತ್ತೆ ತಟ್ಟಿದೆ. ಇಂಜಿನ್ ತಾನಾಗಿಯೇ ನಿಂತುಹೋಯಿತು. ಪೆಟ್ರೋಲ್ ಅರ್ಧಕ್ಕಿಂತ ಹೆಚ್ಚೇ ಇತ್ತು.

ಕಿವಿಯ ಬಟ್ಟಲುಗಳೊಳಗೆ ಪೂರ್ತಿ ಮೌನ. ಆ ಮೌನದಲ್ಲಿ ನನ್ನ ಅಂಗಾಲಿಗೆ ಕೆಳಗಿಂದ ತಟ್ಟು ಬಂತು. ಒಮ್ಮೆ, ಆಮೇಲೆ ಇನ್ನೊಮ್ಮೆ. ನಾನು ತಟ್ಟಿದಷ್ಟೇ ಮೆತ್ತಗೆ, ನಾನು ತಟ್ಟಿದಷ್ಟೇ ಸಲ.

ಇಂಥದ್ದನ್ನೆಲ್ಲ ನಂಬುವವನಲ್ಲ ನಾನು. ಬಹಳ ಹೊತ್ತು ನಡುಗುವ ಯಂತ್ರ ಹಿಡಿದವನ ಮೈಯಲ್ಲಿ ಆ ನಡುಕ ಉಳಿಯುತ್ತದೆ, ನಿಜ. ಬೇರೆಯವರು ಹೇಳಿದ್ದರೆ ನಾನೇ ಈ ಮಾತು ಹೇಳಿ ನಗುತ್ತಿದ್ದೆ. ಆದರೆ ಆಗ ನನಗೆ ಹೆದರಿಕೆಯಾಯಿತು, ಓಡಿಹೋಗಬೇಕೆನ್ನುವಷ್ಟು. ಕಿವಿಯ ಬಟ್ಟಲು ಕಿತ್ತೆ. ಅದರ ಬೆನ್ನಿಗೇ ಮೂಗಿಗೆ ವಾಸನೆ ಬಡಿಯಿತು. ಪೆಟ್ರೋಲಿನದಲ್ಲ, ಹುಲ್ಲಿನದಲ್ಲ. ಸಬ್ಜಾದ್ದು.

ಸಬ್ಜಾ ಎಂದರೆ ಕಾಮಕಸ್ತೂರಿ. ನಮ್ಮವರು ಗೋರಿಯ ಮೇಲೆ ಅದನ್ನು ನೆಡುತ್ತಾರೆ. ಆದರೆ ಅದು ನೀರು ಬೇಡುವ ಗಿಡ, ಯಾರೂ ದಿನಾ ಬಂದು ಹನಿಸದಿದ್ದರೆ ಮಳೆಗಾಲದ ಬೆನ್ನಿಗೇ ಸಾಯುತ್ತದೆ. ಕಲ್ಲಿಲ್ಲದ, ಮಣ್ಣಿನ ದಿಬ್ಬವಿಲ್ಲದ, ಯಾರೂ ಬಾರದ ಆ ಮೂಲೆಯಲ್ಲಿ ತಂತಿಗೆ ಸಿಕ್ಕು ಒಂದೆರಡು ತುದಿ ತುಂಡಾಗಿದ್ದವು, ಉಳಿದದ್ದು ಹಸಿರಾಗಿ ಹೂ ಬಿಟ್ಟು ನಿಂತಿತ್ತು. ಹುಲ್ಲು ಸರಿಸಿ ನೋಡಿದೆ. ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದಕ್ಕಿಂತ ತುಸು ಹೆಚ್ಚು ಜಾಗದಲ್ಲಿ ಮಾತ್ರ ಅದು ಬೆಳೆದಿತ್ತು. ಅದರಾಚೆ ಒಂದು ಸಸಿಯೂ ಇಲ್ಲ. ಪಕ್ಕದಲ್ಲಿ ಗೋಡೆಯವರೆಗೆ ಒಬ್ಬರು ಮಲಗುವಷ್ಟು ಖಾಲಿ ನೆಲ.

ಸುತ್ತ ನಾಲ್ಕಾರು ಕಲ್ಲು ತಂದಿಟ್ಟೆ. ಮಷಿನ್ ಅಲ್ಲೇ ಬೇವಿಗೆ ಒರಗಿಸಿ ಗೇಟಿನವರೆಗೆ ತಿರುಗಿ ನೋಡದೆ ನಡೆದೆ. ಮುತವಲ್ಲಿ ಸಾಹೇಬರ ಮನೆಗೆ ಹೋಗಿ, ಆ ಕಲ್ಲಿನ ಒಳಗೂ ಪಕ್ಕದಲ್ಲೂ ಯಾರೂ ಮಟ್ಟ ಮಾಡಬಾರದು ಎಂದು ಹೇಳಿದೆ. ನನ್ನ ಮುಖ ನೋಡಿ ಅವರು ಆಗಲಿ ಎಂದು ತಲೆಯಾಡಿಸಿದರು.

ಮನೆಗೆ ಬಂದಾಗ ಅಮ್ಮಿ ಬಾಗಿಲ ಬಳಿ ಹೊರಸಿನ ಮೇಲೆ ಕೂತಿದ್ದಳು. ಚಪ್ಪಲಿ ಬಿಡುತ್ತಿದ್ದೆ, ಇನ್ನೂ ಬಾಯಿ ತೆರೆದಿರಲಿಲ್ಲ.

“ಸಿಕ್ಕಳೇನು?” ಎಂದಳು.

ಹತ್ತಿರ ಹೋದೆ. ನನ್ನ ಅಂಗಿಯ ತೋಳು ಹಿಡಿದೆಳೆದು ಮೂಗಿಗೆ ಒತ್ತಿಕೊಂಡಳು. ಆಮೇಲೆ, ಹೊರಗೆ ಯಾರಿಗೂ ಕೇಳದ ದನಿಯಲ್ಲಿ ಹೇಳಿದಳು.

“ಕಫನ್‌ನೊಳಗ ಏನೂ ಇಡಬಾರದು ಅಂತಾರ. ಅದಕ್ಕ ಯಾರ ಮುಂದೂ ಹೇಳಿಲ್ಲ ಬೇಟಾ, ನಿಮ್ಮ ಅಬ್ಬಾನ ಮುಂದೂ ಇಲ್ಲ. ಕಫನ್ ಅರಿವಿ ಸುತ್ತೂ ಮುಂದ ಆಕಿ ಮುಟಿಗಿಯೊಳಗ ಒಂದು ಚಿಟಿಕಿ ಸಬ್ಜಾ ಬೀಜ ಇಟ್ಟಿದ್ದೆ. ನಾ ಅಂತೂ ಅಲ್ಲಿ ಹೋಗಂಗಿಲ್ಲ. ನನ್ನ ಕೈಲೆ ಕೊಟ್ಟದ್ದು ಏನರ ಆಕಿ ಹತ್ರ ಇರಲಿ ಅಂತ. ಬೆರಳು ಒಂದೊಂದೇ ಮಡಚಿ ಮುಟಿಗಿ ಮುಚ್ಚೀನಿ.”

ಕೂಸಿನ ಗೋರಿಯಾದರೂ ಆಳಿನ ಸೊಂಟದಷ್ಟು ಆಳ ಇರುತ್ತದೆ. ಸಾಸಿವೆಗಿಂತ ಸಣ್ಣ ಬೀಜ ಅಷ್ಟು ಕೆಳಗಿನಿಂದ ಮೊಳೆತು ಬರಲಾರದು, ಇಷ್ಟು ವರ್ಷ ಬಾಳಲಾರದು. ಬೇರೆ ಯಾರದೋ ಗೋರಿಯ ಬೀಜ ಗಾಳಿಗೆ ಹಾರಿ ಬಂದಿರಬೇಕು. ಇದನ್ನು ಹೇಳಬೇಕು ಎಂದುಕೊಂಡೇ ಹೊರಸಿನ ತುದಿಗೆ ಕೂತೆ. ಅಮ್ಮಿ ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಬೆರಳುಗಳನ್ನು ಬಿಡಿಸಿ ಸವರುತ್ತಿದ್ದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಹೆದರಿಕೆಯಾಯಿತು.

“ಮುಟಿಗಿ ಬಿಚ್ಯಾಳಲ್ಲ,” ಎಂದಳು. “ಇನ್ನ ನನ್ನ ಕೈ ಹಿಡಿಲಾಕ ಬರತದ ಆಕಿಗಿ.”