ಎದುರು ಖೋಲಿಯ ಟೀವಿಯಲ್ಲಿ ತೆರೆದ ಲಗ್ನಪತ್ರಿಕೆ

ಮುಂಬೈಯ ಭಾಂಡುಪಿನ ಒಂದು ಚಾಳಿನಲ್ಲಿ ಹಜರತಬಿ ಅಂತ ಒಬ್ಬಾಕೆ ಇದ್ದಾಳೆ. ಸಿಂದಗಿ ಕಡೆಯವಳು, ಲಗ್ನಪತ್ರಿಕೆ ಬರೆದುಕೊಡುವುದು ಕಸುಬು. ಮುಂಬೈಯಲ್ಲಿ ನಮ್ಮ ಕಡೆಯವರ ಮದುವೆಯೆಂದರೆ ಮೊದಲ ಅಕ್ಷತೆ ಬೀಳುವುದು ಅವಳ ಕೀಬೋರ್ಡಿನ ಮೇಲೆ ಎಂದು ಜನ ನಗುತ್ತಾರೆ.

ಪತ್ರಿಕೆ ಬರೆಯುವ ಅವಳ ಕಂಪ್ಯೂಟರು ಹಳೆಯದು. ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತದೆಂದು ಅದನ್ನು ಅಟ್ಟಕ್ಕೆ ಹತ್ತಿಸಿದಳು. ಕೆಳಗಿನ ಟೀವಿಗೆ ಅಂಗೈಯಗಲದ ಅಗ್ಗದ ಕಂಪ್ಯೂಟರೊಂದನ್ನು ಸಿಕ್ಕಿಸಿ, ಎಕ್ಸ್ ವಿಂಡೋ ಎಂಬ ವಿದ್ಯೆಯನ್ನು ವಿಡಿಯೋ ನೋಡಿ ನೋಡಿ ಕಲಿತಳು. ಕೆಲಸ ನಡೆಯುವುದು ಅಟ್ಟದಲ್ಲಿ, ಅದು ಕಾಣುವ ಕಿಟಕಿ ತೆರೆಯುವುದು ಟೀವಿಯಲ್ಲಿ; ಯಾವ ಟೀವಿಯೆಂದು ಆಜ್ಞೆಯಲ್ಲಿ ಅದರ ನಂಬರು ಹಾಕಬೇಕು. ಕೇಳಿದವರಿಗೆ ಅವಳ ಉತ್ತರ ಒಂದೇ: “ಅಡಿಗಿ ಮ್ಯಾಗ, ಊಟ ಕೆಳಗ. ತಾಟು ಯಾರ ಮುಂದ ಇಡಬೇಕಂತ ಹೇಳಿದ್ರ ಮುಗೀತು.”

ಎದುರು ಖೋಲಿಯ ಬಂಡೆಪ್ಪನಿಗೆ ಈ ಮಾತು ಹಿಡಿಸಿತು. ಪರೇಲಿನ ಮಿಲ್ಲಿನಲ್ಲಿ ದುಡಿದ ಮುದುಕ, ಕಣ್ಣು ಮಂಜು. “ನನ್ನ ಮುಂದನೂ ಒಂದು ತಾಟು ಇಡವಾ” ಎಂದ. ಅವಳು ಅಂಥದೇ ಇನ್ನೊಂದು ಅಗ್ಗದ ಕಂಪ್ಯೂಟರನ್ನು ಅವನ ಟೀವಿಗೆ ಜೋಡಿಸಿ, ಬಟ್ಟೆ ಒಣಹಾಕುವ ಹಗ್ಗದ ಗುಂಟ ತಂತಿ ಎಳೆದಳು. ಕೀಬೋರ್ಡಿಗೆ ಕನ್ನಡ ಅಕ್ಷರ ಅಂಟಿಸಿದಳು. ದಿನಾ ಬೆಳಿಗ್ಗೆ ಹತ್ತಕ್ಕೆ ಅವನ ಟೀವಿಯ ನಂಬರು ಹಾಕಿ, ಕನ್ನಡ ಪೇಪರನ್ನು ಕುಂಬಳಕಾಯಿಯಷ್ಟು ಅಕ್ಷರದಲ್ಲಿ ಕಳಿಸುವಳು.

ಸಾಂತಾಕ್ರೂಜಿನ ಗುರಲಿಂಗಪ್ಪ ಈ ಬಂಡೆಪ್ಪನ ತಮ್ಮ. ಮಗಳು ಲಾವಣ್ಯಾಳ ನಿಶ್ಚಯಕ್ಕೆ ಅಣ್ಣನನ್ನು ಫೋನಿನಲ್ಲಿ ಕರೆದಿದ್ದ. “ಹೊಸ್ತಿಲಿಗೆ ಬಂದು ಕುಂಕುಮ ಹಚ್ಚಿ ಕರೀಲಾರದ ಕಾರ್ಯಕ್ಕ ನಾ ಹ್ಯಾಂಗ ಹೋಗಲಿ” ಎಂದು ಅಣ್ಣ ಹೋಗಲಿಲ್ಲ. “ಬರಲಾರದವನ ಹೆಸರು ಪತ್ರಿಕ್ಯಾಗ ಬ್ಯಾಡ. ಅಚ್ಚಾಗೋತನಕ ಅವಗ ಹೇಳಬ್ಯಾಡ” ಎಂದು ತಮ್ಮ, ಲಗ್ನಪತ್ರಿಕೆ ಬರೆಯಲು ಕೊಡುವಾಗ, ಹಜರತಬಿಯಿಂದ ಮಾತು ತೆಗೆದುಕೊಂಡ. ಹಿರಿಯಣ್ಣನಿಲ್ಲದ ಪತ್ರಿಕೆ ಊರೆಲ್ಲ ಹಂಚಿಹೋದರೆ ಇವರಿಬ್ಬರು ಮತ್ತೆ ಕೂಡುವುದಿಲ್ಲ ಎಂದು ಅವಳಿಗೆ ಗೊತ್ತು. ಆ ವಾರ ಎದುರು ಮನೆಯ ಚಹಾಕ್ಕೆ ಅವಳು ಹೋಗಲಿಲ್ಲ.

ಪ್ರೆಸ್ಸಿಗೆ ಕೊಡುವ ದಿನ ಬಂತು. ಅವಸರದಲ್ಲಿ ಅವಳು ಹಿಂದಿನ ದಿನದ ಆಜ್ಞೆಯನ್ನೇ ಮರಳಿ ಕರೆದು, ಪೇಪರಿನ ಜಾಗದಲ್ಲಿ ಪತ್ರಿಕೆಯ ಹೆಸರು ಹಾಕಿದಳು. ಟೀವಿಯ ನಂಬರು ಬದಲಿಸಲು ಮರೆತಳು. ಅವಳ ಟೀವಿಯಲ್ಲಿ ಕಿಟಕಿ ತೆರೆಯಲೇ ಇಲ್ಲ. ಟೀವಿಯ ಹಿಂದೆಯೂ ಒಮ್ಮೆ ಬಗ್ಗಿ ನೋಡಿದಳು. ಅಷ್ಟರಲ್ಲಿ ಎದುರಿನಿಂದ ದನಿ ಬಂತು:

“ಹಜರತಾ, ಇವತ್ತ ಪೇಪರ್‌ನ್ಯಾಗ ನಮ್ಮ ಲಾವಣ್ಯಾನ ಮದಿವಿ ಬಂದೈತಲ್ಲ.”

ಓಡಿದಳು. ಬಂಡೆಪ್ಪ ಟೀವಿಗೆ ಮೂಗು ತಾಗಿಸಿ ಓದುತ್ತಿದ್ದ.

“ತಪ್ಪಾತ್ರಿ ಕಾಕಾ, ಬಂದ್ ಮಾಡತೀನಿ.”

“ತಡಿ. ಉಣ್ಣಾವನ ಮುಂದಿನ ತಾಟು ಎಳೀತಾರೇನ?”

ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದ. ತನ್ನ ಹೆಸರಿಲ್ಲ.

“ಅಪ್ಪನ ಹೆಸರ ಹಾಕ್ಯಾನ, ಅವ್ವನ್ನ ಮರತಾನ ಮಗಾ” ಎಂದು ಕೀಬೋರ್ಡು ತೊಡೆಗೆ ಎಳೆದುಕೊಂಡ. ‘ಲಿಂಗೈಕ್ಯ ಸುಂದ್ರವ್ವ’ ಎಂದು ಒಂದೇ ಬೆರಳಿನಿಂದ ಕುಟ್ಟಿ ಮುಗಿಸುವುದರೊಳಗೆ ಹಜರತಬಿ ಎರಡು ಸಲ ಮನೆಗೆ ಹೋಗಿ ಒಲೆಯ ಮೇಲಿನ ಹಾಲು ನೋಡಿಬಂದಳು.

ಮಧ್ಯಾಹ್ನ ಗುರಲಿಂಗಪ್ಪ ಬಂದಾಗ ಪತ್ರಿಕೆ ಮರಳಿ ಅವಳ ಟೀವಿಯಲ್ಲಿ ತೆರೆದಿತ್ತು. ಓದುತ್ತ ಓದುತ್ತ ಅವ್ವನ ಹೆಸರಿನ ಹತ್ತಿರ ನಿಂತ.

“ಇದನ್ನ ಯಾರು ಹಾಕಿದ್ರು?”

“ದೊಡ್ಡ ಕಾಕಾ. ನಾ ಬಾಯಿ ಬಿಟ್ಟಿಲ್ಲರಿ, ನನ್ನ ಕೈ ತಪ್ಪಿ ಪತ್ರಿಕೀನ ಅವರ ಟೀವಿಗೆ ಹೋತು.”

“ತನ್ನ ಹೆಸರ ಹಾಕ್ಕೊಳ್ಳಲಿಲ್ಲೇನ?”

“ಇಲ್ಲರಿ.”

ಗುರಲಿಂಗಪ್ಪ ಹೆಗಲ ಮೇಲಿನ ಟಾವೆಲ್ಲಿನಿಂದ ಒರೆಸಿದ ಮುಖವನ್ನೇ ಒರೆಸಿದ. “ಅಣ್ಣನ ಹೆಸರ ಹಾಕು” ಎಂದ.

“ನಾ ಹಾಕಂಗಿಲ್ಲ. ಹೊಸ್ತಿಲು ಇಲ್ಲೇ ಆರು ಹೆಜ್ಜಿ ಐತಿ, ಕರದು ಬರ್ರಿ” ಎಂದು ಅವಳು, ಗಿರಾಕಿಗಳ ಮೊದಲ ಪತ್ರಿಕೆಗೆ ಹಚ್ಚಲೆಂದು ಇಟ್ಟಿದ್ದ ಕುಂಕುಮದ ಡಬ್ಬಿ ಅವನ ಕೈಗಿಟ್ಟಳು. ಅವನು ಆರು ಹೆಜ್ಜೆ ದಾಟುವುದರೊಳಗೆ ತನ್ನ ಟೀವಿಯಲ್ಲಿ ಪತ್ರಿಕೆ ಮುಚ್ಚಿ, ಈ ಸಲ ಬೇಕೆಂದೇ ಎದುರು ಮನೆಯ ನಂಬರು ಹಾಕಿ ಅದನ್ನು ಅಲ್ಲಿ ತೆರೆದಳು. ಬಾಗಿಲಲ್ಲಿ ನಿಂತು ಕಿವಿಗೊಟ್ಟಳು.

“ಕುಂಕುಮ ಆಮ್ಯಾಲ ಹಚ್ಚು” ಬಂಡೆಪ್ಪನ ದನಿ. “ನನ್ನ ಹೆಸರು ನಿನ್ನ ಹೆಸರಿಗಿಂತ ಮ್ಯಾಲೋ ಕೆಳಗೋ, ಅದನ್ನ ಹೇಳು.”

“ದೊಡ್ಡಾವ ಮ್ಯಾಲ ಬರತಾನ, ಕೇಳತಾರೇನ ಅದನ್ನ? ಲಗೂ ಹೊಡಿ, ಪ್ರೆಸ್ಸಿನಾವ ಕಾಯಾಕತ್ತಾನ.”

“ಲಗೂ ಬೇಕಾದ್ರ ನೀನೂ ಒಂದು ಬೆರಳ ಹಚ್ಚು.”

ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಕೀಬೋರ್ಡು ಎರಡು ಬೆರಳಿನ ತಾಳದಲ್ಲಿ ಟಕಟಕ ಅನ್ನತೊಡಗಿತು.