ಹಡಗಿನಲ್ಲಿ ತುಂಬಿದ ಉಡಿ

ನನ್ನ ದೊಡ್ಡಣ್ಣ ಹೋಟೆಲಿನಲ್ಲಿ ಎರಡನೇ ಚಹಾ ಹೇಳಲು ಹತ್ತು ಸಲ ಯೋಚಿಸುವ ಮನುಷ್ಯ. ಗದಗಿನಲ್ಲಿ ಕಾಳುಕಡಿಯ ಅಡತಿ ಅಂಗಡಿ ಇಟ್ಟು ಎಷ್ಟೋ ವರ್ಷವಾದರೂ ಇವತ್ತಿಗೂ ನಮ್ಮೂರು ಅಂತೂರ ಬೆಂತೂರದ ಮನೆಯಿಂದ ಬುತ್ತಿ ಒಯ್ದೇ ಉಣ್ಣುತ್ತಾನೆ. ಅಂಥವನು ಹೋದ ವರ್ಷ ಬೇಸಿಗೆಯ ಮುಂದೆ ಮುಂಡರಗಿಯ ನನ್ನ ಗಂಡನ ಮನೆಗೆ ಫೋನ್ ಮಾಡಿ, "ತಂಗೀ, ಗೋವಾದಾಗ ಒಂದು ಹಡಗ ಬಾಡಿಗಿ ಹಿಡದೇನಿ. ಇಡೀ ಹಡಗ ನಮ್ಮ ಮನಿ ಮಂದಿಗಷ್ಟ. ನೀ ಬರಾಕಬೇಕು ನೋಡು," ಅಂದಾಗ ನನಗೆ ಮೊದಲು ಬಂದದ್ದು ಅನುಮಾನ.

ಸುಳ್ಳು ಯಾಕೆ ಹೇಳಲಿ, ಎರಡನೇ ನಿಮಿಷಕ್ಕೆ ಸಂತೋಷವೂ ಬಂತು. ಅವ್ವ ಹೋದ ಮೇಲೆ ನನಗೆ ತವರು ಅಂದರೆ ನಾಗರ ಪಂಚಮಿಯ ಎರಡು ದಿನ ಅಷ್ಟೇ ಆಗಿತ್ತು. ನಾನು ಅಂಗನವಾಡಿಯಲ್ಲಿ ಟೀಚರ್. ಮಕ್ಕಳನ್ನು ಬಿಡಲು ಬಂದ ತಾಯಂದಿರಿಗೆಲ್ಲ ಕೇಳದಿದ್ದರೂ ಹೇಳಿದೆ, ನಮ್ಮಣ್ಣ ನನಗಾಗಿ ಹಡಗು ಹಿಡಿದಿದ್ದಾನೆ ಅಂತ. ನನ್ನ ಗಂಡ ಶಾಲೆ ಮಾಸ್ತರ, ಪರೀಕ್ಷೆ ಇದ್ದದ್ದರಿಂದ ಬರುವ ಹಾಗಿರಲಿಲ್ಲ. "ಇಷ್ಟ ಪ್ರೀತಿ ಉಕ್ಕೇತಿ ಅಂದ್ರ ಏನೋ ಐತಿ ಬಿಡು," ಅಂದರು. ನನಗೆ ರೇಗಿತು. "ನಿಮ್ಮ ಕಡ್ಯಾವ್ರು ಯಾರರ ನನ್ನ ಕೆರಿ ದಂಡಿಗಾದ್ರೂ ಕರಕೊಂಡ ಹೋಗ್ಯಾರೇನ್ರಿ?" ಅಂತ ಬಾಯಿ ಮುಚ್ಚಿಸಿದೆ.

ಆದರೆ ಅವರು ಹೇಳಿದ್ದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಊರಿನ ಎಂಟು ಎಕರೆ ಎರೆ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಈಗ ಮೂರು ಹೆಸರು: ಇಬ್ಬರು ಅಣ್ಣಂದಿರದು, ನನ್ನದು. ಸುತ್ತಮುತ್ತ ಕರೆಂಟು ಮಾಡುವ ಗಾಳಿಯ ಫ್ಯಾನುಗಳು ಎದ್ದಿವೆ, ನಮ್ಮ ಹೊಲವನ್ನೂ ಕೇಳಿಕೊಂಡು ಕಂಪನಿಯವರು ಬಂದಿದ್ದರು. ನನ್ನ ಪಾಲು ಬಿಟ್ಟುಕೊಡು ಅನ್ನುವ ಮಾತನ್ನು ದೊಡ್ಡಣ್ಣ ಎರಡು ಸಲ ಎತ್ತಿದ್ದ, ನಾನು ಎರಡು ಸಲವೂ ಮಳೆ ಬೆಳೆ ಮಾತು ತೆಗೆದು ತಪ್ಪಿಸಿಕೊಂಡಿದ್ದೆ.

ಬಿಡಬಾರದು ಅಂತ ನಾನು ನಿರ್ಧಾರ ಮಾಡಿದ್ದಕ್ಕೆ ಆಸೆ ಒಂದೇ ಕಾರಣವಲ್ಲ. ನಮ್ಮವ್ವನ ತವರು ಲಕ್ಷ್ಮೇಶ್ವರ. ಅವಳ ತಮ್ಮಂದಿರು ಒಂದು ಇಳಕಲ್ ಸೀರೆ ಉಡಿಸಿ, ಹೊಲದ ಪಾಲು ಬಿಟ್ಟ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಮರುವರ್ಷದ ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ. ಆಮೇಲೆ ಸಾಯುವವರೆಗೂ ಬರಲಿಲ್ಲ. ಶ್ರಾವಣ ಬಂತೆಂದರೆ ಅವ್ವ ಏನಾದರೂ ಕೆಲಸ ಹುಡುಕಿಕೊಂಡು ಕಟ್ಟೆಗೆ ಬಂದು ಕೂತು ಬಸ್ಸಿನ ದಾರಿ ನೋಡುತ್ತಿದ್ದಳು. ನಾನು ಅದನ್ನು ಕಣ್ಣಾರೆ ಕಂಡವಳು.

ಗೋವಾ ಮುಟ್ಟಿ ಹಡಗಿನ ಹತ್ತಿರ ನಿಂತಾಗ ಏನೋ ಇದೆ ಅನ್ನುವುದಕ್ಕೆ ಮೊದಲ ಗುರುತು ಸಿಕ್ಕಿತು. ಅಣ್ಣಂದಿರ ಮಕ್ಕಳೇ ಇರಲಿಲ್ಲ! ಇಬ್ಬರು ಅಣ್ಣಂದಿರು, ಅವರ ಹೆಂಡಿರು ಇಬ್ಬರು ವೈನಿಯರು, ನಾನು. ಮಕ್ಕಳನ್ನು ಊರಲ್ಲಿ ಬಿಟ್ಟು ಹಡಗು ಹತ್ತುವವರು ಯಾರಿದ್ದಾರೆ? ಕೇಳಿದ್ದಕ್ಕೆ ದೊಡ್ಡ ವೈನಿ, "ಅವಕ್ಕ ವಾಂತಿ ಆಗತೈತಿ ತಂಗಿ," ಅಂದರು. ಸಣ್ಣಣ್ಣ ಆಗಲೇ ಬೇರೆ ಕಡೆ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ಅವನದು, ಪಾಪ.

ಹಡಗು ಚೆಂದವಿತ್ತು, ಇಲ್ಲ ಅನ್ನಲಾರೆ. ಬೆಳ್ಳಗೆ, ಉದ್ದಕ್ಕೆ, ನಡುವೆ ಎತ್ತರದ ಕಂಬ, ಅದಕ್ಕೆ ದೊಡ್ಡ ಹಾಯಿ. ನಡೆಸುವವನು ಹಿಂದಿಯಲ್ಲಿ ಮಾತಾಡುವ ಗೋವಾದ ಮನುಷ್ಯ. ಚಪ್ಪಲಿ ಬಿಡಿಸಿ ಎಲ್ಲರ ಎದೆಗೂ ಕಿತ್ತಳೆ ಬಣ್ಣದ ಜಾಕೀಟು ಬಿಗಿದ. ಬೆಳಗಿನಿಂದ ಸಂಜೆವರೆಗೆ ಬಾಡಿಗೆ. ಒಂದು ತಾಸಿನವರೆಗೆ ನಾನೂ ಎಲ್ಲ ಮರೆತೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಅವ್ವ ಇದ್ದಿದ್ದರೆ ಅಂತ ಅನ್ನಿಸಿ ಕಣ್ಣು ತುಂಬಿತು.

ಆಗ ದೊಡ್ಡಣ್ಣ ನಡೆಸುವವನಿಗೆ, "ಇಧರ್ ಬಂದ್ ಕರೋ," ಅಂದ. ಅವನು ಹಾಯಿ ಇಳಿಸಿ, ಲಂಗರು ಬಿಟ್ಟು, ಮುಂದಕ್ಕೆ ಹೋಗಿ ಮೊಬೈಲು ಹಿಡಿದು ಕೂತ. ಸುತ್ತ ನೀರು. ದಂಡೆಯ ತೆಂಗಿನ ಮರಗಳು ಹೆಸರುಕಾಳಿನಷ್ಟು ಕಾಣುತ್ತಿದ್ದವು. ಮನೆಯಾಗಿದ್ದರೆ ಒಲೆಯ ಮೇಲೆ ಹಾಲಿದೆ ಅಂತ ಒಳಗೆ ಹೋಗಬಹುದಿತ್ತು, ಬಸ್ಸಿಗೆ ಹೊತ್ತಾಯಿತು ಅನ್ನಬಹುದಿತ್ತು. ಇಲ್ಲಿ ಎದ್ದು ಹೋಗುವುದಾದರೂ ಎಲ್ಲಿಗೆ? ಎರಡು ಸಲ ತಪ್ಪಿಸಿಕೊಂಡವಳನ್ನು ಮೂರನೇ ಸಲ ಕೂಡಿಹಾಕಲು ಅವನು ಹಡಗು ಹಿಡಿದಿದ್ದ ಅಂತ ಆಗ ತಿಳಿಯಿತು.

ದೊಡ್ಡ ವೈನಿ ಚೀಲದಿಂದ ಅಕ್ಕಿ ತೆಗೆದರು. "ಗಂಗವ್ವನ ಮುಂದ ತವರ ಉಡಿ ತುಂಬತೀನಿ, ಸೆರಗ ಹಿಡಿ." ನಾನು ಹಿಡಿದೆ. ಹಿಡಿಯದೆ? ತವರಿನ ಉಡಿ ಒಲ್ಲೆ ಅಂದ ಹೆಣ್ಣುಮಗಳನ್ನು ನಮ್ಮ ಕಡೆ ನಾನಂತೂ ಕಂಡಿಲ್ಲ. ಐದು ಬೊಗಸೆ ಅಕ್ಕಿ, ಎರಡು ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಅಡಿಕೆ, ಮೇಲೊಂದು ಮಡಿಚಿದ ಕುಬಸದ ಖಣ. ಉಡಿ ತುಂಬಿಸಿಕೊಂಡವಳ ಬಾಯಿ ಇಲ್ಲ ಅನ್ನುವುದಿಲ್ಲ ಅನ್ನುವುದು ವೈನಿಯ ಲೆಕ್ಕ.

ಅದು ಮುಗಿದದ್ದೇ ದೊಡ್ಡಣ್ಣ ಪ್ಲಾಸ್ಟಿಕ್ ಹಾಳೆಯೊಳಗಿಂದ ಛಾಪಾ ಕಾಗದ ತೆಗೆದ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡಿದ.

"ಏನಿಲ್ಲ ತಂಗಿ, ಒಂದು ಸಹಿ. ಸೋಮವಾರ ಗದಗಿಗೆ ಬಂದು ನೋಂದಣಿ ಕಚೇರ್ಯಾಗ ಹೆಬ್ಬಟ್ಟ ಒತ್ತಿದ್ರ ಆತು. ಹೊಲ ಹೋದ್ರ ಏನಾತು, ಅಣ್ಣಗೋಳು ಇರತೀವಲ್ಲ."

ಪೆನ್ನು ನನ್ನ ಮೂಗಿನ ಮುಂದೆ ಬಂತು. ನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು. ಸಹಿ ಮಾಡಿದರೆ ಅವ್ವನ ಗತಿ, ಮಾಡದಿದ್ದರೆ ಇವತ್ತೇ ತವರು ಮುಗಿಯಿತು. ಅತ್ತ ದರಿ ಇತ್ತ ಪುಲಿ. ಹಡಗು ಒಂದು ಸಲ ವಾಲಿತು, ಅಕ್ಕಿ ಚೆಲ್ಲೀತು ಅಂತ ಎರಡೂ ಕೈಯಿಂದ ಸೆರಗನ್ನು ಗಟ್ಟಿಯಾಗಿ ಅಪ್ಪಿಕೊಂಡೆ. ಆಗಲೇ ನನಗೆ ಮಾತು ಹೊಳೆಯಿತು.

"ಕೈ ಎಲ್ಲೈತಣ್ಣಾ? ಉಡಿ ಹಿಡದೇನಲ್ಲ."

"ಕೆಳಗ ಇಡು."

"ತವರ ಉಡಿ ದಾರ್ಯಾಗ ಇಡತಾರೇನು? ಗಂಡನ ಮನಿ ಹೊಸ್ತಲಾ ದಾಟಿ ದೇವರ ಮುಂದ ಬಿಚ್ಚಬೇಕು. ಹೌದಲ್ರಿ ವೈನಿ?"

ದೊಡ್ಡ ವೈನಿಯ ಮುಖ ನೋಡಬೇಕಿತ್ತು. ಹೌದು ಅನ್ನಲೂ ಆಗದು, ಅಲ್ಲ ಅನ್ನಲೂ ಆಗದು. ಕಾಗದ ಮೊದಲು, ಉಡಿ ಆಮೇಲೆ ಅಂತ ಇಟ್ಟುಕೊಂಡಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಸಣ್ಣ ವೈನಿ, "ನಾ ಹಿಡೀತೀನಿ ತಗೋರಿ," ಅಂತ ಕೈ ಚಾಚಿದಳು. "ತುಂಬಿದ ಮನಿಯಾವ್ರ ಕೈಯಾಗ ಉಡಿ ವಾಪಸ್ ಕೊಟ್ರ ತವರಿಗೆ ಒಳ್ಳೇದಲ್ಲ," ಅಂತ ನಾನು ಹಿಂದೆ ಸರಿದೆ. ಇದು ಖರೆ ಶಾಸ್ತ್ರವೋ, ನಾನೇ ಆ ಕ್ಷಣಕ್ಕೆ ಹುಟ್ಟಿಸಿದ್ದೋ ನನಗೇ ಗೊತ್ತಿಲ್ಲ. ಅವಳು ಹೆದರಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಆದರೂ ಹಡಗು ದಂಡೆಗೆ ತಿರುಗಲಿಲ್ಲ. ಬಾಡಿಗೆ ಸಂಜೆಯವರೆಗೆ ಇತ್ತಲ್ಲ, ದೊಡ್ಡಣ್ಣ ಅದನ್ನು ಬಿಡುವವನಲ್ಲ. ಬಿಸಿಲಲ್ಲಿ, ಜಾಕೀಟಿನ ಬಿಗಿತದಲ್ಲಿ, ಬಸುರಿಯ ಹಾಗೆ ಉಡಿ ಅಪ್ಪಿಕೊಂಡು ಕೂತೆ. ವಾಂತಿ ಬಂದರೂ ಹಾಗೇ ಬಗ್ಗಿದೆ. ನೀರಡಿಕೆಯಾದರೂ ಲೋಟ ಹಿಡಿಯುವಂತಿರಲಿಲ್ಲ, ಹಿಡಿದರೆ ಕೈ ಖಾಲಿ ಇದೆ ಅಂತಾಗುತ್ತಿತ್ತು. ಕೊನೆಗೆ ಸಣ್ಣಣ್ಣ ಬಂದು, ನನ್ನ ಮುಖ ನೋಡದೆ, ಬಾಟಲಿಯಿಂದ ನೀರು ಕುಡಿಸಿದ. ನಾನು ಅತ್ತೆ. ಅವನೂ ಅತ್ತನೇನೋ, ಬೇಗ ಆ ಕಡೆ ತಿರುಗಿದ.

ದಾರಿಯುದ್ದಕ್ಕೂ ಹಾಗೇ ಹಿಡಿದುಕೊಂಡು ಮುಂಡರಗಿಗೆ ಬಂದು ದೇವರ ಮುಂದೆ ಉಡಿ ಬಿಚ್ಚಿದೆ. ಖಣ ಹಾಸಿ ನೋಡಿದರೆ ಅಂಚಿನಲ್ಲಿ ನನ್ನ ಕೈಯಿಂದಲೇ ಆದ ಹಳೆಯ ಅರಿಷಿಣದ ಕಲೆ. ಹಿಂದಿನ ಪಂಚಮಿಗೆ ದೊಡ್ಡ ವೈನಿಗೆ ನಾನೇ ಕೊಟ್ಟ ಖಣ! ನಮ್ಮ ಕಡೆ ಖಣಗಳು ಹೀಗೆ ಊರೂರು ತಿರುಗುವುದು ಹೊಸದಲ್ಲ, ನಾನೂ ತಿರುಗಿಸಿದ್ದೇನೆ. ಆದರೂ ದಿನವಿಡೀ ಎದೆಗೆ ಒತ್ತಿ ಹಿಡಿದದ್ದು ಇದನ್ನೇ ಅಂತ ನೆನೆದು ನಕ್ಕೆ, ನಗು ನಿಲ್ಲದಿದ್ದಾಗ ಗಂಡ ಬಂದು ಪಕ್ಕದಲ್ಲಿ ಕೂತರು. ಸೋಮವಾರ ನಾನು ಗದಗಿಗೆ ಹೋಗಲಿಲ್ಲ.

ಪಂಚಮಿ ಬಂತು. ಕರೆಯಲು ಯಾರೂ ಬರಲಿಲ್ಲ, ಫೋನೂ ಇಲ್ಲ. ನಾನು ಕಟ್ಟೆಗೆ ಹೋಗಿ ಕೂರಲಿಲ್ಲ, ಅವ್ವನ ಆಣೆ, ಕೂರಲಿಲ್ಲ. ತಂಬಿಟ್ಟು, ಶೇಂಗಾ ಉಂಡಿ, ಒಂದು ಗಿಂಡಿ ಹಾಲು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಕರೆಯದೆ ತವರಿಗೆ ಹೋಗಬಾರದು ಅನ್ನುತ್ತಾರೆ. ಹೊಲಕ್ಕೆ ಹೋಗಲು ಯಾರ ಕರೆ ಬೇಕು? ನಮ್ಮ ಹೊಲದ ಬದುವಿನಲ್ಲೊಂದು ಹುತ್ತವಿದೆ, ಪ್ರತಿ ವರ್ಷ ಅವ್ವ ಹಾಲೆರೆಯುತ್ತಿದ್ದದ್ದು ಅಲ್ಲೇ. ನಾನೂ ಎರೆದೆ. ಹೆಸರುಕಾಳಿನ ಬೆಳೆ ಕೊಯ್ಲಿಗೆ ಬಂದಿತ್ತು. ದೂರದಲ್ಲಿ ನಮ್ಮ ಮನೆಯ ಮಾಳಿಗೆ ಕಾಣುತ್ತಿತ್ತು.

ದೊಡ್ಡಣ್ಣ ಹೊಲದ ಆ ತುದಿಯಿಂದ ನನ್ನನ್ನು ನೋಡಿ ನಿಂತ.

"ಯಾವಾಗ ಬಂದಿ?" ಅಂತ ಕೂಗಿದ.

"ಈಗ ಬಂದೆ ಅಣ್ಣಾ," ಅಂದೆ.

ಅವನು ತಲೆ ಆಡಿಸಿ ಮನೆಯ ದಾರಿ ಹಿಡಿದ. ಮನಿಗೆ ಬಾ ಅನ್ನಲಿಲ್ಲ. ನನ್ನ ಪಾಲಿನ ಮಣ್ಣಿನ ಮೇಲೆ ನಿಂತೇ ಇದ್ದೆ, ಅವನು ತಿರುಗಿ ನೋಡಿಯಾನು ಅಂತ.