ಬಂಡೆಗೆ ನಾನು ಹಾಕಿಕೊಟ್ಟ ಸಹಿ

ಅಕ್ಷತಾ, ವಿನಯ,

ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಇಷ್ಟು ವರ್ಷವಾದರೂ ಅದು ಆರಿಲ್ಲ.

ನೀವು ಚಿಕ್ಕವರಿದ್ದ ಆ ದಿನಗಳಲ್ಲಿ ಹೈದರಾಬಾದಿನ ಮಕ್ಕಳಿಗೆ ಆಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಕ್ಷತಾಗೆ ಆಗ ಒಂಬತ್ತು, ವಿನಯನಿಗೆ ಆರು. ಊರ ತುಂಬ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಕಂಪ್ಯೂಟರ್ ಕಲಿತವರನ್ನು ಮನೆಬಾಗಿಲಿಗೇ ಬಂದು ಕೆಲಸಕ್ಕೆ ಕರೆಯುತ್ತಾರೆ ಎಂದು ಮಾತಾಡಿಕೊಳ್ಳುತ್ತಿದ್ದರು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಹುಮನಾಬಾದ್ ಕಡೆಯ ನಮ್ಮ ಹಳ್ಳಿ ಬಿಟ್ಟು ನಿಮ್ಮ ಮನೆಗೆ ಬಂದಿದ್ದೆ. ಅಪ್ಪ ಜೀಡಿಮೆಟ್ಲಾದ ಕಾರ್ಖಾನೆಗೆ, ಅಮ್ಮ ಬೇಗಂಪೇಟೆಯ ಆಫೀಸಿಗೆ ಹೊರಟರೆ ಬೇಸಿಗೆ ರಜೆಯ ಇಡೀ ಹಗಲು ನಾವು ಮೂವರೇ. ಎಲ್ಲಿಗಾದರೂ ಕರೆದುಕೊಂಡು ಹೋಗು ಎಂದು ನಿಮ್ಮ ಹಟ. ನನಗೋ ಬಸ್ಸೆಂದರೆ ಹೆದರಿಕೆ. ತೆಲುಗು ಬಾರದು, ಹಿಂದಿ ಆಡಲು ನಾಚಿಕೆ. ನನಗೆ ಗೊತ್ತಿದ್ದುದು ಮನೆಯ ಹಿಂದಿನ ಬಂಡೆ ಒಂದೇ.

ನಮ್ಮ ಸಾಲಿನ ಏಳು ಮನೆಗಳನ್ನು ಅದರ ಮೇಲೆ ಇಟ್ಟಿದ್ದರೂ ಜಾಗ ಉಳಿಯುತ್ತಿತ್ತು. ಒಂದು ಮಗ್ಗುಲು ಎಷ್ಟು ತಲೆಮಾರಿನ ಮಕ್ಕಳು ಜಾರಿದ್ದರೋ, ಎಣ್ಣೆ ಹಚ್ಚಿದ ಹಾಗೆ ನುಣ್ಣಗಾಗಿತ್ತು. ತಾಳೆಗರಿಯ ಮೇಲೆ ಕೂತು ನೀವು ಜಾರುತ್ತಿದ್ದಿರಿ. ವಿನಯನ ಚಡ್ಡಿಗಳಿಗೆ ನಾನು ತೇಪೆ ಹಾಕಿ ಹಾಕಿ ಸಾಕಾಯಿತು. ಮೇಲೆ ಸಮತಟ್ಟಿನಲ್ಲಿ ಯಾರೋ ಎಂದೋ ಕೊರೆದ ಕಟ್ಟಿಮನಿ, ಅಂದರೆ ಚೌಕಾಬಾರ, ಆಟದ ಮನೆಗಳಿದ್ದವು. ಹುಣಸೆಬೀಜ ಒಡೆದು ಕವಡೆಯಂತೆ ಎಸೆದು ಆಡುತ್ತಿದ್ದೆವು. ತೆಲುಗು ಮಕ್ಕಳು, ಮರಾಠಿ ಮಕ್ಕಳು, ಒರಿಸ್ಸಾದಿಂದ ಬಂದಿದ್ದ ಎರಡು ಮಕ್ಕಳು. ಜಗಳ ಮಾತ್ರ ಎಲ್ಲರಿಗೂ ಒಂದೇ ಭಾಷೆಯಲ್ಲಿ.

ಹೆಂಗಸರಿಗೂ ಅದೇ ಬಂಡೆ. ನಮ್ಮ ಸಾಲಿನ ಯಾದಮ್ಮನ ಮೆಣಸಿನಕಾಯಿ, ನನ್ನ ಅಕ್ಕಿ ಸಂಡಿಗೆ, ಪಕ್ಕದ ಮನೆಯ ರಹೀಮಾಬಿಯ ಶಾವಿಗೆ ಅಲ್ಲೇ ಒಣಗುತ್ತಿದ್ದವು. ಕಾದ ಕಲ್ಲು, ಇಂಗು, ಮೆಣಸಿನ ಘಾಟು, ಎಲ್ಲ ಸೇರಿದ ಆ ವಾಸನೆ! ರಹೀಮಾಬಿ ಕಲಬುರ್ಗಿಯವಳು. ನಾನು ಬಾಯಿ ತುಂಬ ಮಾತಾಡುತ್ತಿದ್ದುದು ಅವಳೊಬ್ಬಳ ಜೊತೆ. ಕಾಗೆ ಕಾಯಲು ಕೂರಿಸಿದರೆ ವಿನಯ ಅರೆ ಒಣಗಿದ ಸಂಡಿಗೆ ಕಿತ್ತು ಕಿತ್ತು ತಿನ್ನುತ್ತಿದ್ದ.

"ಏ ಕಳ್ಳಾ! ಕಾಗಿ ಕಾಯೋ ಅಂದ್ರ ನೀನೇ ಕಾಗಿ ಆದ್ಯೇನೋ?" ಎಂದು ರಹೀಮಾಬಿ ಕೂಗುತ್ತಿದ್ದಳು.

"ಕಾಗಿ ತಿಂದ್ರ ಬರೇ ಹುಶ್ ಅಂತೀರಿ, ನಾ ತಿಂದ್ರ ಬೈತೀರಿ ಖಾಲಾ!"

"ಕಾಗಿಗೆ ಹೊಟ್ಟಿ ನೋವು ಬರಂಗಿಲ್ಲೋ ಬೇಟಾ. ಬಾ ಇಲ್ಲಿ, ಬಾಯಿ ತೋರಸು."

ಮೇ ತಿಂಗಳ ಕೊನೆಯಲ್ಲಿ ಬೂಟು ಹಾಕಿಕೊಂಡ ಒಬ್ಬ ಮನುಷ್ಯ ಫೈಲು ಹಿಡಿದು ಬಂದ. "ಅಮ್ಮಾ, ಬಚ್ಚೋಂಕೆ ಲಿಯೇ ಪಾರ್ಕ್ ಬನಾ ರಹೇ ಹೈಂ," ಎಂದ. ಮಕ್ಕಳಿಗೆ ಪಾರ್ಕಂತೆ; ಉಯ್ಯಾಲೆ, ಹುಲ್ಲು, ಕೂರಲು ಬೆಂಚು, ಎಲ್ಲ ಬರುತ್ತದಂತೆ. ಸಾಲಿನವರೆಲ್ಲ ಒಪ್ಪಿದ್ದಾರೆಂದು ಸಹಿ ಬೇಕಂತೆ. ಇಲ್ಲಿ ಓದುಬರಹ ಬಲ್ಲವರು ಯಾರು ಎಂದು ಕೇಳಿದ. ಎಲ್ಲರೂ ನನ್ನ ಕಡೆ ಕೈ ತೋರಿಸಿದರು.

ಹಳ್ಳಿಯ ಶಾಲೆಯಲ್ಲಿ ನಾನು ಏಳನೆಯ ಇಯತ್ತೆ ಓದಿದವಳು. ನನ್ನ ಅಕ್ಷರ ಗುಂಡಗಿದೆ ಎಂದು ಮಾಸ್ತರರು ಹೇಳುತ್ತಿದ್ದರು. ಮದುವೆಯಾದ ಮೇಲೆ ಆ ಅಕ್ಷರ ಯಾರಿಗೂ ಬೇಕಾಗಿರಲಿಲ್ಲ. ಕಾಗದ ಇಂಗ್ಲಿಷಿನಲ್ಲಿತ್ತು. ಏನು ಬರೆದಿದೆ ಎಂದು ಕೇಳಲು ನಾಚಿಕೆಯಾಯಿತು. ಇವಳಿಗೂ ಓದು ಬಾರದು ಎಂದುಕೊಂಡಾನಲ್ಲ ಎಂದು, ಬೆರಳಿಟ್ಟು ಸಾಲು ಸಾಲು ಓದುವವಳ ಹಾಗೆ ನಟಿಸಿದೆ. ಆಮೇಲೆ ಎಲ್ಲರಿಗಿಂತ ಮೇಲೆ ಕನ್ನಡದಲ್ಲಿ ಗುಂಡಗೆ ಸಹಿ ಹಾಕಿದೆ. ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ನಿನ್ನನ್ನಾದರೂ ಕರೆಯಬಹುದಿತ್ತು, ಅಕ್ಷತಾ. ನೀನು ಬಂಡೆಯ ಮೇಲಿದ್ದೆ.

ಅಷ್ಟಕ್ಕೇ ಬಿಡಲಿಲ್ಲ. ನಾನೇ ಉಳಿದ ಮನೆಗಳಿಗೆ ಕಾಗದ ಒಯ್ದೆ.

"ಏನೈತಿ ಇದರಾಗ?" ಎಂದಳು ರಹೀಮಾಬಿ.

"ಹುಡುಗರಿಗೆ ಪಾರ್ಕ್ ಮಾಡ್ತಾರಂತ. ಓದೀನಿ, ಹಾಕು."

"ನೀ ಓದೀನಿ ಅಂದ್ರ ಮುಗೀತು ಅಕ್ಕಾ," ಎಂದು ಹೆಬ್ಬೆಟ್ಟು ಮುಂದೆ ಮಾಡಿದಳು.

ಮುಂಗಾರು ಶುರುವಾಗುವ ಮೊದಲೇ ಕೆಂಪು ಬಾವುಟ ನೆಟ್ಟರು. ಸೀಟಿ ಊದಿದರೆ ನಾವೆಲ್ಲ ಒಳಗೆ ಸೇರಬೇಕಿತ್ತು. ಆಮೇಲೆ ಬಂಡೆಗೆ ಇಟ್ಟ ಮದ್ದಿನ ಸಿಡಿತ. ಗೂಡಿನಿಂದ ತಾಟುಗಳು ಬೀಳುತ್ತಿದ್ದವು. ಕಟ್ಟಿಮನಿಯ ಗೆರೆಗಳಿದ್ದ ಕಲ್ಲೂ ಜಲ್ಲಿಯಾಗಿ ಲಾರಿ ಹತ್ತಿತು.

ಮರುವರ್ಷದ ದಸರಾ ರಜೆಗೆ ಅಲ್ಲಿ ಫ್ಲ್ಯಾಟುಗಳು, ಅವುಗಳ ಸುತ್ತ ಗೋಡೆ ಎದ್ದಿದ್ದವು. ಗೇಟಿನ ಸಂದಿಯಲ್ಲಿ ಹಳದಿ ಪ್ಲಾಸ್ಟಿಕ್ಕಿನ ಜಾರುಬಂಡೆ ಕಾಣುತ್ತಿತ್ತು. ವಿನಯ ತಾಳೆಗರಿ ಎಳೆದುಕೊಂಡೇ ಓಡಿದ. ಕಾವಲಿನವನು ಅಡ್ಡ ನಿಂತ. ಅವನು ರಾಯಚೂರಿನ ಕಡೆಯವನು; ನಮ್ಮ ಮಾತು ಕೇಳಿ ಕನ್ನಡದಲ್ಲೇ ಅಂದ, "ಒಳಗ ಫ್ಲ್ಯಾಟ್‌ನೋರಿಗೆ ಅಷ್ಟ ರೀ ಯವ್ವಾ. ಬಿಟ್ರ ನನ್ನ ನೌಕರಿ ಹೋಗ್ತೈತಿ."

ಅಂದು ನಾನು ನಾಚಿಕೆ ಬಿಟ್ಟು ಜೋರಾಗಿ ಮಾತಾಡಿದೆ. ಪಾರ್ಕು ಮಕ್ಕಳಿಗೆ ಅಂದಿರಲ್ಲ ಎಂದು ಹರಕು ಹಿಂದಿಯಲ್ಲಿ ಕೂಗಿದೆ. ಆಗ ಆ ಬೂಟಿನವನೇ ಬಂದ. ಫೈಲು ಬಿಚ್ಚಿ ನನ್ನ ಸಹಿಯ ಮೇಲೆ ಬೆರಳಿಟ್ಟು, "ಯೇ ಆಪ್ ಕಾ ಹೀ ಹೈ ನಾ, ಅಮ್ಮಾ?" ಎಂದ. ಬಂಡೆಗೆ ಹೋಗುವ ದಾರಿ ಮುಚ್ಚಲು ಈ ಸಾಲಿನವರದೇನೂ ತಕರಾರಿಲ್ಲ ಎಂದು ಆ ಕಾಗದದಲ್ಲಿತ್ತಂತೆ. ನಗುತ್ತಲೇ ಹೇಳಿದ. ಹೊಡೆದು ಓಡಿಸಿದ್ದರೆ ಶಾಪವಾದರೂ ಹಾಕುತ್ತಿದ್ದೆ. ಅಮ್ಮಾ ಎಂದು ಕರೆದು, ಪೆನ್ನು ಕೈಗೆ ಕೊಟ್ಟು, ನನ್ನ ಮೊಮ್ಮಕ್ಕಳ ಆಟವನ್ನು ನನ್ನ ಕೈಯಿಂದಲೇ ಬರೆಸಿಕೊಂಡರು.

ನೀನು ನನ್ನ ಸೆರಗು ಹಿಡಿದು ಕೇಳಿದೆ, ಅಕ್ಷತಾ: "ಅಜ್ಜೀ, ನೀನೇ ಸಹಿ ಮಾಡಿಕೊಟ್ಟೆಯಾ?"

"ಇಲ್ಲವ್ವಾ. ಅದು ನನ್ನದಲ್ಲ," ಎಂದೆ.

ನಿನಗೆ ಆಗ ಕನ್ನಡ ಓದಲು ಬರುತ್ತಿರಲಿಲ್ಲ. ನಂಬಿದೆ.

ಸಂಜೆ ರಹೀಮಾಬಿಗೆ ಎಲ್ಲ ಹೇಳಿದೆ. ಅವಳು, "ಹೆಬ್ಬಟ್ಟ ನಾನೂ ಒತ್ತೀನಲ್ಲ. ನೀ ಒಬ್ಬಾಕೀನ ಯಾಕ ಸಾಯ್ತಿ?" ಎಂದಳು. ಆದರೆ ಆಮೇಲೆ ಯಾವ ಕಾಗದ ಬಂದರೂ ಅವಳು ನನ್ನ ಹತ್ತಿರ ತರಲಿಲ್ಲ.

ಹೋದ ತಿಂಗಳು ವಿನಯ ಫೋನಿನಲ್ಲಿ ಹೇಳಿದ, ಯಾವುದೋ ಮಾಲಿನೊಳಗೆ ಟಿಕೆಟು ಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಸುಳ್ಳು ಬಂಡೆ ಹತ್ತಿದನಂತೆ. ಭಾಳ ಚೆನ್ನಾಗಿತ್ತಂತೆ. ಫೋನಿಟ್ಟು ನಾನು ಊಟ ಮಾಡಲಿಲ್ಲ. ಕೋಟಿ ವರ್ಷ ಬಿಟ್ಟಿಯಾಗಿ ಬಿದ್ದಿದ್ದ ಕಲ್ಲು, ಯಾವ ಜಾತಿ ಯಾವ ಭಾಷೆ ಎಂದು ಕೇಳದೆ ಎಲ್ಲರನ್ನೂ ಹೊತ್ತ ಕಲ್ಲು. ಒಬ್ಬರ ಶಾವಿಗೆಯ ಪಕ್ಕ ಇನ್ನೊಬ್ಬರ ಸಂಡಿಗೆ ಒಣಗುವ ಜಾಗ ಆಮೇಲೆ ನಮಗೆ ಎಲ್ಲೂ ಸಿಗಲಿಲ್ಲ. ಅವರವರ ಕಿಟಕಿ, ಅವರವರ ಹಪ್ಪಳ.

ಅಕ್ಷತಾ, ತಡವಾಗಿಯಾದರೂ ನೀನು ಕನ್ನಡ ಓದಲು ಕಲಿತಿದ್ದೀಯ. ತಮ್ಮನಿಗೂ ಓದಿ ಹೇಳು. ಅಂದಿನ ಆ ಸಹಿ ನನ್ನದೇ. ಆ ಕಾಗದ ಅವರ ಕಪಾಟಿನಲ್ಲಿ ಇಂದಿಗೂ ಭದ್ರವಾಗಿರುತ್ತದೆ, ಅಂಥದ್ದನ್ನು ಅವರು ಕಳೆಯುವುದಿಲ್ಲ. ನಮಗೇನೂ ತಕರಾರಿರಲಿಲ್ಲ ಎಂದು ಅದು ಹೇಳುತ್ತಲೇ ಇರುತ್ತದೆ. ತಕರಾರು ಇತ್ತು, ಇದೆ ಎಂದು ಹೇಳಲು ಈ ಹಾಳೆಗಳಷ್ಟೇ ಇವೆ. ಜೋಪಾನ ಮಾಡಿ ಇಟ್ಟುಕೊಳ್ಳಿ.